ಮಂಡಿ ಮಾಳಿಗೆಯ ಎರಡು ಕೆಂಪು ಸಿಲಿಂಡರ್: ಒಂದು ಹ್ಯಾಲಾನ್ ಪ್ರಕರಣ

ಶಿವಮೊಗ್ಗದ ಗಾಂಧಿಬಜಾರಿನ ಆಸುಪಾಸಿನಲ್ಲಿ ಒಂದು ಹಳೇ ಕಟ್ಟಡ. ಕೆಳಗೆ ಅಡಿಕೆ ಮಂಡಿ, ಮೇಲೆ ಮಾಳಿಗೆ. 1990ರ ದಶಕದ ಶುರುವಿನಲ್ಲಿ ಆ ಮಾಳಿಗೆಯನ್ನು ಒಂದು ಹಣಕಾಸು ಕಂಪನಿ ಬಾಡಿಗೆಗೆ ಹಿಡಿದು ಕಂಪ್ಯೂಟರ್ ರೂಮ್ ಮಾಡಿಕೊಂಡಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾದ ಕಾಲ ಅದು. ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಕಂಪ್ಯೂಟರು, ಎ.ಸಿ., ಮೇಜು, ಕುರ್ಚಿ ಎಲ್ಲ ಒಂದೊಂದಾಗಿ ಖಾಲಿಯಾದವು. ಉಳಿದದ್ದು ಮೂಲೆಯಲ್ಲಿ ಗೋಡೆಗೆ ಪಟ್ಟಿ ಬಿಗಿದು ನಿಲ್ಲಿಸಿದ್ದ ಎರಡು ಕೆಂಪು ಸಿಲಿಂಡರ್, ಅಲ್ಲಿಂದ ಚಾವಣಿಗೆ ಹೋದ ಪೈಪು, ಪೈಪಿನ ತುದಿಯಲ್ಲಿ ಎರಡು ನಾಝಲ್.

ಮಂಡಿ ಯಜಮಾನರ ಮಗನಿಗೆ ಮಾಳಿಗೆಯನ್ನು ಗೋದಾಮು ಮಾಡಬೇಕಿತ್ತು. ಗುಜರಿಯವರನ್ನು ಕರೆಸಿದರು. ಅವರು ಸಿಲಿಂಡರನ್ನು ತಟ್ಟಿ ನೋಡಿ, "ಒಳಗೆ ಗ್ಯಾಸ್ ಇದೆ ಸಾರ್. ಗ್ಯಾಸ್ ಬಿಟ್ಟು ಕೊಡಿ, ಕಬ್ಬಿಣದ ರೇಟಿಗೆ ತಗೋತೀನಿ" ಅಂದರು. ಗ್ಯಾಸ್ ಬಿಡೋದು ಹೇಗೆ ಅಂತ ಕೇಳಲು ನನಗೆ ಫೋನ್ ಬಂತು. ಊರಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ತುಂಬಿಸಿ, ತಪಾಸಣೆ ಮಾಡಿ, ತಾರೀಕಿನ ಚೀಟಿ ಅಂಟಿಸುವುದು ನನ್ನ ಕಸುಬು.

ಹೋಗಿ ನೋಡಿದೆ. ಧೂಳು ಒರೆಸಿದ ಮೇಲೆ ಲೇಬಲ್ ಕಂಡಿತು. ಹ್ಯಾಲಾನ್ 1301, ಬೆಂಕಿ ಆರಿಸುವ ಒಂದು ಗ್ಯಾಸ್. ಒಂದೊಂದರಲ್ಲಿ 30 ಕೆ.ಜಿ. ರೂಮಿನ ಅಳತೆಗೂ ಅದಕ್ಕೂ ಸರಿಹೊಂದುತ್ತಿತ್ತು. ಹತ್ತು ಮೀಟರ್ ಉದ್ದ, ಆರು ಅಗಲ, ಮೂರು ಎತ್ತರ, ಅಂದರೆ 180 ಘನ ಮೀಟರ್. ಕೋಣೆಯ ಗಾಳಿಯಲ್ಲಿ ಶೇಕಡ 5ರಷ್ಟು ಹ್ಯಾಲಾನ್ ಸೇರಿದರೆ ಬೆಂಕಿ ಆರುತ್ತದೆ. ಅದಕ್ಕೆ ಘನ ಮೀಟರಿಗೆ 330 ಗ್ರಾಂ ಬೇಕು. ಲೆಕ್ಕ ಹಾಕಿದರೆ 60 ಕೆ.ಜಿ. ಬರುತ್ತದೆ. ಆ ಕಾಲದ ಎಂಜಿನಿಯರ್ ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದ.

"ಬಿಡಬೇಡಿ, ಮುಟ್ಟಲೂ ಬೇಡಿ" ಅಂತ ಹೇಳಿದೆ. ಯಜಮಾನರಿಗೆ ಆಶ್ಚರ್ಯ. "ಅಲ್ಲ ಮಾರಾಯ್ರೆ, ಬೆಂಕಿ ಆರಿಸೋ ಗ್ಯಾಸ್ ತಾನೇ? ಕಿಟಕಿ ತೆಗೆದು ಬಿಟ್ರೆ ಯಾರಿಗೆ ಏನಾಗುತ್ತೆ?"

ನ್ಯಾಯವಾದ ಪ್ರಶ್ನೆಯೇ. ಈ ಗ್ಯಾಸಿಗೆ ಬಣ್ಣವಿಲ್ಲ, ವಾಸನೆ ಇಲ್ಲದಷ್ಟು ಕಡಿಮೆ. ಶೇಕಡ 5ರಷ್ಟಿದ್ದಾಗ ಮನುಷ್ಯ ಸ್ವಲ್ಪ ಹೊತ್ತು ಉಸಿರಾಡಿದರೂ ಏನೂ ಆಗುವುದಿಲ್ಲ. ವಸ್ತು ಒದ್ದೆಯಾಗುವುದಿಲ್ಲ, ಪುಡಿ ಉಳಿಯುವುದಿಲ್ಲ. ಇಷ್ಟು ಒಳ್ಳೆಯ ಗುಣಗಳಿರುವ ಇನ್ನೊಂದು ಬೆಂಕಿ ಆರಿಸುವ ವಸ್ತುವನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ. ತೊಂದರೆ ಇರುವುದು ಕಿಟಕಿಯಿಂದ ಹೊರಗೆ ಹೋದ ಮೇಲೆ.

ಒಂದೇ ಬ್ರೋಮಿನ್, ಎರಡು ಕೆಲಸ

1301 ಎಂಬ ಸಂಖ್ಯೆಯಲ್ಲೇ ಅದರ ಜಾತಕ ಇದೆ. ಒಂದು ಇಂಗಾಲ, ಮೂರು ಫ್ಲೋರಿನ್, ಸೊನ್ನೆ ಕ್ಲೋರಿನ್, ಒಂದು ಬ್ರೋಮಿನ್. ಕೆಲಸಗಾರ ಕೊನೆಯದು. ಬೆಂಕಿ ಅಂದರೆ ಒಂದು ಸರಪಳಿ. ಒಡೆದ ಹೈಡ್ರೋಜನ್ ಚೂರುಗಳು ಮುಂದಿನ ಚೂರನ್ನು ಹೊತ್ತಿಸುತ್ತಾ ಹೋಗುತ್ತವೆ. ಬಿಸಿಗೆ ಹ್ಯಾಲಾನ್ ಒಡೆದು ಬ್ರೋಮಿನ್ ಹೊರಬಂದು ಆ ಚೂರುಗಳನ್ನು ಹಿಡಿದುಬಿಡುತ್ತದೆ. ಸರಪಳಿ ತುಂಡಾಗುತ್ತದೆ. ಬ್ರೋಮಿನ್ ಖರ್ಚಾಗುವುದಿಲ್ಲ, ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತದೆ. ಅದಕ್ಕೇ ಶೇಕಡ 5 ಸಾಕಾಗುವುದು.

ಬೆಂಕಿ ಇಲ್ಲದ ಕಡೆ ಬಿಟ್ಟರೆ ಅದು ಒಡೆಯುವುದೇ ಇಲ್ಲ. ಮಳೆಗೆ ಕರಗುವುದಿಲ್ಲ. ವಾತಾವರಣದಲ್ಲಿ ಅದರ ಆಯಸ್ಸು ಸುಮಾರು 65 ವರ್ಷ. ನಿಧಾನವಾಗಿ ಮೇಲೇರಿ ಓಝೋನ್ ಪದರ ಸೇರುತ್ತದೆ. ಅಲ್ಲಿ ಬಿಸಿ ಇಲ್ಲ, ಆದರೆ ಸೂರ್ಯನ ಅತಿನೇರಳೆ ಕಿರಣ ಇದೆ. ಅದಕ್ಕೆ ಒಡೆದು ಬ್ರೋಮಿನ್ ಬಿಡುಗಡೆಯಾಗುತ್ತದೆ, ಇಲ್ಲಿ ಬೆಂಕಿಗೆ ಮಾಡುವ ಕೆಲಸವನ್ನೇ ಅಲ್ಲಿ ಓಝೋನಿಗೆ ಮಾಡುತ್ತದೆ. ಕ್ಲೋರಿನ್‌ಗೆ ಹೋಲಿಸಿದರೆ ಅದು ಸುಮಾರು 60 ಪಟ್ಟು ಚುರುಕು. ಓಝೋನ್ ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪಟ್ಟಿಯಲ್ಲಿ, ಓಝೋನ್ ಹಾಳುಮಾಡುವುದಕ್ಕೆ ಹಳೇ ಫ್ರಿಜ್ ಗ್ಯಾಸಾದ ಸಿ.ಎಫ್.ಸಿ. 12ಕ್ಕೆ ಒಂದು ಅಂಕ ಇದ್ದರೆ ಹ್ಯಾಲಾನ್ 1301ಕ್ಕೆ ಹತ್ತು, ಕೈಯಲ್ಲಿ ಹಿಡಿಯುವ ಸಿಲಿಂಡರುಗಳಲ್ಲಿ ಬರುತ್ತಿದ್ದ ಹ್ಯಾಲಾನ್ 1211ಕ್ಕೆ ಮೂರು.

ಭೂಮಿ ಕಾಯಿಸುವ ಲೆಕ್ಕ ಬೇರೆ. ಒಂದು ಕೆ.ಜಿ. 1301 ನೂರು ವರ್ಷದಲ್ಲಿ ಸುಮಾರು 7,000 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಶಾಖ ಹಿಡಿದಿಡುತ್ತದೆ. ಮೂವತ್ತು ಕೆ.ಜಿ.ಯ ಒಂದು ಸಿಲಿಂಡರ್ ಅಂದರೆ 200 ಟನ್ ದಾಟಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಡೈಆಕ್ಸೈಡ್ ಬರುತ್ತದೆ. ಯಜಮಾನರಿಗೆ ಕ್ಯಾಲ್ಕುಲೇಟರ್ ಕೊಟ್ಟು ಅವರ ಕೈಯಲ್ಲೇ ಭಾಗಾಕಾರ ಮಾಡಿಸಿದೆ. ತೊಂಬತ್ತು ಸಾವಿರ ಲೀಟರ್ ಹತ್ತಿರ ಬಂತು. "ನಮ್ಮ ಲಾರಿ ಇಷ್ಟು ವರ್ಷದಲ್ಲಿ ಕುಡಿದಿಲ್ವಲ್ಲ ಇಷ್ಟು" ಅಂದರು. ಓಝೋನ್ ಮಾತಿಗಿಂತ ಆ ಲೆಕ್ಕವೇ ಅವರಿಗೆ ನಾಟಿದ್ದು.

ದಕ್ಷಿಣ ಧ್ರುವದ ಮೇಲೆ ಓಝೋನ್ ತೆಳ್ಳಗಾಗಿದ್ದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದ್ದು 1985ರಲ್ಲಿ. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದ ಆಯಿತು. ಶ್ರೀಮಂತ ದೇಶಗಳು 1994ರ ಜನವರಿ 1ರಿಂದ ಹ್ಯಾಲಾನ್ ತಯಾರಿಕೆ ನಿಲ್ಲಿಸಿದವು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು, 2000ದಲ್ಲಿ ಓಝೋನ್ ನಾಶಕ ವಸ್ತುಗಳ ನಿಯಮಗಳನ್ನು ತಂದಿತು. ನಮ್ಮಂಥ ದೇಶಗಳಿಗೆ ಕೊನೇ ಗಡುವು 2010ರ ಜನವರಿ 1. ಅಲ್ಲಿಗೆ ಹೊಸ ಹ್ಯಾಲಾನ್ ಕಥೆ ಮುಗಿಯಿತು.

ಆದರೆ ಒಪ್ಪಂದ ನಿಲ್ಲಿಸಿದ್ದು ತಯಾರಿಕೆಯನ್ನು. ಅಷ್ಟರಲ್ಲಿ ತಯಾರಾಗಿ ಗೋಡೆಗೆ ಪಟ್ಟಿ ಬಿಗಿಸಿಕೊಂಡು ನಿಂತದ್ದು ಅಲ್ಲೇ ನಿಂತಿತ್ತು. ಪ್ರತಿ ವರ್ಷ ಸೆಪ್ಟೆಂಬರ್ 16ಕ್ಕೆ ಶಾಲೆಗಳಲ್ಲಿ ಓಝೋನ್ ದಿನ ಅಂತ ಮಕ್ಕಳು ಚಿತ್ರ ಬಿಡಿಸುತ್ತಾರೆ, ಭೂಮಿಗೆ ಕೊಡೆ ಹಿಡಿದ ಚಿತ್ರ. ಯಾರ ಆಫೀಸಿನ ಮೂಲೆಯಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ.

ಸೋಗಾನೆಗೆ ಬರುವ ವಿಮಾನದ ಹೊಟ್ಟೆಯೊಳಗೆ

ಈ ಪ್ರಕರಣದಲ್ಲಿ ವಿಮಾನ ಬಂದದ್ದು ನಮ್ಮಕ್ಕನ ಮಗನಿಂದ. ಅವನು ಬೆಂಗಳೂರಿನಲ್ಲಿ ವಿಮಾನಗಳ ರಿಪೇರಿ ಕೆಲಸದಲ್ಲಿದ್ದಾನೆ. ಎ.ಟಿ.ಆರ್. ಅವನ ಪಾಲಿನ ವಿಮಾನ. ಹಬ್ಬಕ್ಕೆ ಊರಿಗೆ ಬಂದಿದ್ದ. ಸಿಲಿಂಡರಿನ ಫೋಟೊ ತೋರಿಸಿದರೆ ಎದ್ದು ಕೂತ. "ಮಾವ, ಇದನ್ನ ಗುಜರಿಗೆ ಕೊಡಬೇಡಿ. ನಾವು ಎಂಜಿನ್ ಬಾಟಲಿಗೆ ತುಂಬಿಸೋದು ಇದನ್ನೇ. ಹೊಸದು ಎಲ್ಲೂ ಸಿಗಲ್ಲ. ಹಳೇ ಬಿಲ್ಡಿಂಗ್‌ಗಳಿಂದ ಬಂದದ್ದೇ ನಮಗೂ ಬರೋದು."

ಸೋಗಾನೆಯಲ್ಲಿರುವ ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಸೋಗಾನೆಗೆ ಬಂದಿಳಿಯಿತು. ಅದು ಎರಡು ಪ್ರೊಪೆಲರ್‌ನ ಎ.ಟಿ.ಆರ್. 72. ಆ ವಿಮಾನದಲ್ಲಿ ಎಂಜಿನ್ ಬೆಂಕಿಗೆಂದು ಎರಡು ಬಾಟಲಿಗಳಿವೆ. ಎರಡೂ ಎಂಜಿನ್‌ಗಳಿಗೆ ಅವೇ ಎರಡು. ಯಾವ ಎಂಜಿನ್‌ಗೆ ಬೆಂಕಿ ಹತ್ತಿದರೂ ಎರಡನ್ನೂ ಅದರ ಕಡೆಗೇ ಬಿಡಬಹುದು.

ಎಂಜಿನ್ ಬೆಂಕಿ ಆರಿಸುವುದು ಕಂಪ್ಯೂಟರ್ ರೂಮಿನ ಬೆಂಕಿ ಆರಿಸಿದ ಹಾಗಲ್ಲ. ಅಲ್ಲಿ ಇಂಧನ ಇದೆ, ಎಣ್ಣೆ ಇದೆ, ಕೆಂಪಗೆ ಕಾದ ಲೋಹ ಇದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಗಾಳಿ. ಎಂಜಿನ್ನಿನ ಕವಚದೊಳಗೆ ತಂಪಿಗೆಂದು ಸದಾ ಗಾಳಿ ನುಗ್ಗುತ್ತಿರುತ್ತದೆ. ಅಂಥ ಕಡೆ ಗ್ಯಾಸ್ ಬಿಡುವುದು ಕಿಟಕಿ ಎಲ್ಲ ತೆರೆದಿಟ್ಟು ಸೊಳ್ಳೆಬತ್ತಿ ಹಚ್ಚಿದ ಹಾಗೆ. ಅದಕ್ಕೇ ಪರೀಕ್ಷೆಯ ಮಾನದಂಡವೂ ವಿಚಿತ್ರವಾಗಿದೆ. ಅಮೆರಿಕದ ವಿಮಾನ ಆಡಳಿತದ ಮಾರ್ಗಸೂಚಿಯ ಪ್ರಕಾರ ಕವಚದೊಳಗಿನ ಎಲ್ಲ ಜಾಗಗಳಲ್ಲೂ ಒಂದೇ ಹೊತ್ತಿಗೆ, ಕನಿಷ್ಠ ಅರ್ಧ ಸೆಕೆಂಡ್, ಶೇಕಡ 6ರಷ್ಟು ಹ್ಯಾಲಾನ್ 1301 ಇರಬೇಕು. ಅರ್ಧ ಸೆಕೆಂಡ್ ಸಾಕು ಅನ್ನುವ ಧೈರ್ಯ ಬೇರೆ ಯಾವ ಗ್ಯಾಸಿನ ಮೇಲೂ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಕಾಕ್‌ಪಿಟ್ಟಿನಲ್ಲಿ ನಡೆಯುವುದನ್ನು ಅವನು ಊಟದ ಮೇಜಿನ ಮೇಲೆ ಲೋಟ, ಚಮಚ ಇಟ್ಟು ತೋರಿಸಿದ. ಎಂಜಿನ್ ಸುತ್ತ ಬೆಂಕಿ ಗುರುತಿಸುವ ಎರಡು ತಂತಿ ಸುತ್ತುಗಳಿರುತ್ತವೆ. ಅವು ಕಾದರೆ ಕೆಂಪು ದೀಪ, ನಿಲ್ಲದ ಗಂಟೆ. ಪೈಲಟ್ ಮೊದಲು ಆ ಎಂಜಿನ್ನಿನ ಶಕ್ತಿ ಇಳಿಸುತ್ತಾನೆ. ಪ್ರೊಪೆಲರ್ ರೆಕ್ಕೆಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿ ಇಂಧನ ಮುಚ್ಚುತ್ತಾನೆ. ಆಮೇಲೆ ಬೆಂಕಿಯ ಹಿಡಿಕೆ ಎಳೆಯುತ್ತಾನೆ. ಆ ಒಂದು ಹಿಡಿಕೆ ಇಂಧನದ ವಾಲ್ವ್ ಮುಚ್ಚುತ್ತದೆ, ಎಂಜಿನ್ನಿನಿಂದ ಕ್ಯಾಬಿನ್ನಿಗೆ ಬರುವ ಗಾಳಿ ನಿಲ್ಲಿಸುತ್ತದೆ, ಜನರೇಟರ್ ಬಿಡಿಸುತ್ತದೆ, ಬಾಟಲಿಯ ಬಾಯನ್ನು ಸಿಡಿಸಿ ತೆರೆಯುವ ಪುಟ್ಟ ಸಿಡಿಗುಂಡಿಗೆ ಕರೆಂಟ್ ಸಿದ್ಧ ಮಾಡುತ್ತದೆ. ಹತ್ತು ಸೆಕೆಂಡ್ ಕಾಯಬೇಕು. "ಬೆಂಕಿ ಹತ್ತಿರುವಾಗ ಕಾಯೋದಾ?" ಅಂತ ನಮ್ಮಕ್ಕ ಒಳಗಿನಿಂದ ಕೇಳಿದಳು. ಕಾಯಲೇಬೇಕಂತೆ. ಪ್ರೊಪೆಲರ್ ನಿಧಾನವಾದರೆ ಕವಚದೊಳಗಿನ ಗಾಳಿ ತಗ್ಗುತ್ತದೆ, ಗ್ಯಾಸ್ ನಿಲ್ಲುತ್ತದೆ. ಆಮೇಲೆ ಮೊದಲ ಬಾಟಲಿ. ಮೂವತ್ತು ಸೆಕೆಂಡಿನ ನಂತರವೂ ದೀಪ ಆರದಿದ್ದರೆ ಎರಡನೆಯದು. ಮೂರನೆಯದು ಇಲ್ಲ.

ಇದು ಪುಸ್ತಕದಲ್ಲೇ ಉಳಿಯುವ ಸಂಗತಿಯೂ ಅಲ್ಲ. 2022ರ ಅಕ್ಟೋಬರ್ 28ರ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದ ಒಂದು ಏರ್‌ಬಸ್ ರನ್‌ವೇ ಮೇಲೆ ಓಡುತ್ತಿರುವಾಗಲೇ ಎಂಜಿನ್ನಿನಿಂದ ಕಿಡಿ ಹಾರಿತು. ವಿಡಿಯೊ ನೀವೂ ನೋಡಿರುತ್ತೀರಿ. ಪೈಲಟ್‌ಗಳು ನಿಲ್ಲಿಸಿ ಬಾಟಲಿ ಬಿಟ್ಟರು, ಎಲ್ಲರೂ ಸುರಕ್ಷಿತವಾಗಿ ಇಳಿದರು.

ಹಾಗಾದರೆ ವಿಮಾನದಲ್ಲಿ ಇನ್ನೂ ಇದನ್ನೇ ಯಾಕೆ ಇಟ್ಟಿದ್ದಾರೆ? ಬದಲಿ ಹುಡುಕಿಲ್ಲ ಅಂತಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಂದೊಂದು ಜಾಗಕ್ಕೆ ಒಂದೊಂದು ಗಡುವು ಕೊಟ್ಟಿತು. ಶೌಚಾಲಯದ ಕಸದ ಡಬ್ಬಿಯ ಪುಟ್ಟ ಬಾಟಲಿ ಹೊಸ ವಿಮಾನಗಳಲ್ಲಿ 2011ರ ಕೊನೆಗೇ ಬದಲಾಯಿತು. ಕ್ಯಾಬಿನ್ನಿನ ಕೈಸಿಲಿಂಡರ್ 2018ರ ಕೊನೆಗೆ. ಎಂಜಿನ್ ವಿಷಯದಲ್ಲಿ ಮಾತ್ರ ನಿಯಮ ಬೇರೆ ಥರ ಇದೆ. 2014ರ ಡಿಸೆಂಬರ್ 31ರ ನಂತರ ಹೊಸ ವಿನ್ಯಾಸಕ್ಕೆ ಮಂಜೂರಾತಿ ಕೇಳಿದರೆ ಹ್ಯಾಲಾನ್ ಇರಕೂಡದು. ಎ.ಟಿ.ಆರ್. 72 ಮಂಜೂರಾದದ್ದು 1989ರಲ್ಲಿ. ಸೋಗಾನೆಗೆ ಬರುವ 600 ಮಾದರಿ ಎಷ್ಟೇ ಹೊಸದಾಗಿ ಹೊಳೆದರೂ ಕಾಗದದ ಮೇಲೆ ಅದೇ ವಂಶದ ಕುಡಿ. ಯುರೋಪು 2010ರಲ್ಲಿ ಮಾಡಿದ ನಿಯಮದಲ್ಲಿ ಎಂಜಿನ್ ಹ್ಯಾಲಾನ್‌ಗೆ ಪೂರ್ತಿ ಕೊನೆ ಅಂತ ಬರೆದದ್ದು 2040.

ಬದಲಿಗಳ ಕಥೆ ಒಂದೊಂದೂ ಒಂದೊಂದು ಕಡೆ ಎಡವಿದೆ. ಎಚ್.ಎಫ್.ಸಿ. 125 ಅನ್ನುವ ಗ್ಯಾಸ್ ಓಝೋನಿಗೆ ಏನೂ ಮಾಡುವುದಿಲ್ಲ, ಅಮೆರಿಕದ ಎಫ್/ಎ-18ಇ ಯುದ್ಧವಿಮಾನದಲ್ಲಿ ಇದೆ. ಆದರೆ ತೂಕ ಜಾಸ್ತಿ ಬೇಕು, ಭೂಮಿ ಕಾಯಿಸುವುದರಲ್ಲಿ ಡೈಆಕ್ಸೈಡಿಗಿಂತ ಸುಮಾರು 3,500 ಪಟ್ಟು. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯಿಂದ ಅದರ ಕುತ್ತಿಗೆಗೂ ಹಗ್ಗ ಬಿದ್ದಿದೆ. ಭಾರತ ಈ ಜಾತಿಯ ಗ್ಯಾಸುಗಳ ಬಳಕೆ 2028ರಿಂದ ಇನ್ನೂ ಏರದಂತೆ ತಡೆದು, 2032ರಿಂದ ಇಳಿಸುತ್ತಾ 2047ಕ್ಕೆ ಶೇಕಡ 85ರಷ್ಟು ಕಡಿಮೆ ಮಾಡಬೇಕು. ಎಫ್.ಕೆ.-5-1-12 ಅನ್ನುವ ದ್ರವ ಆಫೀಸುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಅದು ಕುದಿಯುವುದು 49 ಡಿಗ್ರಿಗೆ. ಆಕಾಶದ ಕೊರೆಯುವ ಚಳಿಯಲ್ಲಿ ಅದು ಆವಿಯಾಗಿ ಮೂಲೆಮೂಲೆಗೆ ಹರಡುವ ಹೊತ್ತಿಗೆ ಅರ್ಧ ಸೆಕೆಂಡ್ ಕಳೆದೇ ಹೋಗಿರುತ್ತದೆ. ಹ್ಯಾಲಾನ್ 1301 ಮೈನಸ್ 58 ಡಿಗ್ರಿಗೇ ಕುದಿಯುತ್ತದೆ, ವ್ಯತ್ಯಾಸ ಅಲ್ಲಿದೆ. ಸಾಲದ್ದಕ್ಕೆ ಆ ದ್ರವವನ್ನು ಮೊದಲು ತಂದ 3ಎಂ ಕಂಪನಿ, ಕರಗದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ತಯಾರಿಕೆಯನ್ನೇ 2025ರ ಕೊನೆಗೆ ಬಿಡುವುದಾಗಿ 2022ರಲ್ಲಿ ಹೇಳಿತು. ಅಡುಗೆ ಸೋಡದ ಪುಡಿಯನ್ನೂ ಎಂಜಿನ್ನಿಗೆ ಪರೀಕ್ಷೆ ಮಾಡಿದ್ದಾರೆ.

ಸರಿಯಾದ ಬದಲಿ ಸಿಗುವವರೆಗೆ ಎಂಜಿನ್ ಬಾಟಲಿ ತುಂಬಬೇಕಾದರೆ ಹಳೇ ಹ್ಯಾಲಾನೇ ಗತಿ. ಮಾಂಟ್ರಿಯಲ್ ಒಪ್ಪಂದದ ತಜ್ಞರ ಸಮಿತಿ 2030ರ ದಶಕದಲ್ಲೇ ವಿಮಾನಗಳಿಗೆ ಕೊರತೆ ಶುರುವಾಗಬಹುದು ಅಂತ ಎಚ್ಚರಿಸಿದೆ. ಗುಜರಿಯವರು ಬಿಟ್ಟು ಕೊಡಿ ಅಂದದ್ದು ಇದನ್ನು.

ಅಡಿಕೆ ತೂಗುವ ಕಾಂಟಾದ ಮೇಲೆ

ಮೊದಲ ಕೆಲಸ, ಒಳಗೆ ನಿಜವಾಗಿ ಎಷ್ಟಿದೆ ಅಂತ ತಿಳಿಯುವುದು. ಎರಡೂ ಸಿಲಿಂಡರಿನ ಮೀಟರ್ ಮುಳ್ಳು ಹಸಿರಿನಲ್ಲಿತ್ತು. ಯಜಮಾನರ ಮಗ "ಎರಡೂ ಫುಲ್ ಇದೆಯಲ್ಲ" ಅಂದ. ಮೀಟರ್ ತೋರಿಸುವುದು ಒತ್ತಡವನ್ನು. ಹ್ಯಾಲಾನನ್ನು ಜೋರಾಗಿ ತಳ್ಳಲಿ ಅಂತ ಮೇಲೆ ನೈಟ್ರೋಜನ್ ತುಂಬಿ 25 ಬಾರ್‌ಗೆ ಏರಿಸಿರುತ್ತಾರೆ. ಆ ಒತ್ತಡವೂ ಬಿಸಿಲು, ಚಳಿಗೆ ಏರಿಳಿಯುತ್ತದೆ. ಮೂವತ್ತು ವರ್ಷದ ಮುಳ್ಳು ಅಂಟಿಕೊಂಡೂ ಇರಬಹುದು. ನಿಜ ಹೇಳುವುದು ತೂಕ ಒಂದೇ.

ಬಿಚ್ಚುವಾಗ ಮಾತ್ರ ಅವಸರ ಮಾಡಬಾರದು. ಪೈಪಿನಿಂದ ಬಿಡಿಸುವ ಮೊದಲು ಸಿಡಿಸುವ ವೈರ್ ಕಳಚಬೇಕು. ಪೈಪ್ ಕಳಚಿದ ತಕ್ಷಣ ವಾಲ್ವಿನ ಬಾಯಿಗೆ ಸುರಕ್ಷತಾ ಮುಚ್ಚಳ ತಿರುಗಿಸಬೇಕು. ಅದು ಆದ ಮೇಲೇ ಗೋಡೆಯ ಪಟ್ಟಿ ಬಿಚ್ಚುವುದು. ಈ ಕ್ರಮ ತಪ್ಪಿ ವಾಲ್ವ್ ತೆರೆದುಕೊಂಡರೆ 70 ಕೆ.ಜಿ.ಯ ಸಿಲಿಂಡರ್ ರೂಮಿನೊಳಗೆ ಹಾರಾಡುತ್ತದೆ, ಗೋಡೆ ಲೆಕ್ಕಕ್ಕಿಲ್ಲ. ಗ್ಯಾಸ್ ಕಟರ್ ಹಿಡಿದರೆ ಇನ್ನೊಂದು ಅಪಾಯ. ಉರಿಗೆ ಸಿಕ್ಕ ಹ್ಯಾಲಾನ್ ಒಡೆದು ಹೈಡ್ರೋಜನ್ ಫ್ಲೋರೈಡ್ ಬರುತ್ತದೆ, ಅದು ಶ್ವಾಸಕೋಶವನ್ನೇ ಸುಡುವ ಆಮ್ಲ. ಗುಜರಿಯವರಿಗೂ ಇದನ್ನು ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡು, "ಮೊನ್ನೆ ಎಲ್ಲೋ ಇಂಥದ್ದೇ ಒಂದು ಕೊಯ್ದಿದ್ವಿ ಅನಿಸುತ್ತೆ ಸಾರ್, ಕಣ್ಣು ಉರಿ ಬಂತು" ಅಂದರು.

ಹಮಾಲರು ಹೆಗಲು ಕೊಟ್ಟು ಕೆಳಗಿಳಿಸಿದರು. ಬುಡದ ಸುತ್ತ ತುಕ್ಕು ಹಿಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಗೋಡೆ ಒಸರುತ್ತದೆ, ನೆಲಕ್ಕೆ ತಾಗಿ ನಿಂತ ಉಕ್ಕು ಮೊದಲು ಹೋಗುವುದು ಅಲ್ಲೇ. ಮಂಡಿಯಲ್ಲಿ ರಾಶಿ ಇಡಿ ಅಡಿಕೆಯ ಚೀಲ ತೂಗುವ ಕಾಂಟಾ ಇತ್ತು. ಅದರ ಮೇಲಿನ ಅಡಿಕೆ ಸಿಪ್ಪೆಯ ಧೂಳು ಗುಡಿಸಿ ಮೊದಲನೆಯದನ್ನು ಇಟ್ಟೆವು. ಕುತ್ತಿಗೆಯ ಮೇಲೆ ಖಾಲಿ ತೂಕ 46 ಅಂತ ಕೆತ್ತಿತ್ತು. ಕಾಂಟಾ 75.5 ತೋರಿಸಿತು. ಅಂದರೆ ಒಳಗೆ 29.5 ಕೆ.ಜಿ. ಮೂವತ್ತು ವರ್ಷದಲ್ಲಿ ಅರ್ಧ ಕೆ.ಜಿ.ಯಷ್ಟೇ ಕಡಿಮೆ. ತೂಕ ಶೇಕಡ 5ಕ್ಕಿಂತ ಜಾಸ್ತಿ ಇಳಿದರೆ ಮತ್ತೆ ತುಂಬಬೇಕು ಅನ್ನುವುದು ನಿಯಮ, ಇದು ಅದರೊಳಗೇ ಇತ್ತು.

ಎರಡನೆಯದಕ್ಕೂ ಖಾಲಿ ತೂಕ 46. ಕಾಂಟಾ ಬರೀ 70ಕ್ಕೆ ನಿಂತಿತು. ಆರು ಕೆ.ಜಿ. ಕಾಣೆ. ಮುಳ್ಳು ಮಾತ್ರ ಹಸಿರಲ್ಲೇ. ಬೆರಳಿನಿಂದ ತಟ್ಟಿದರೂ ಅಲ್ಲಾಡಲಿಲ್ಲ. ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ಇನ್ನೊಂದು ಚೀಟಿ ಸಿಕ್ಕಿತು. 1990ರ ದಶಕದ ನಡುವೆ ಯಾರೋ ಒಮ್ಮೆ ಮರುತುಂಬಿಸಿದ್ದರು. ಏನು ತುಂಬಿಸಿದರು ಅಂತ ಬರೆದಿರಲಿಲ್ಲ. ಆ ಚೀಟಿ ನೋಡಿದಾಗಲೇ ನನಗೆ ಅನುಮಾನ.

ಯಜಮಾನರ ಮುಂದೆ ಮೂರು ದಾರಿ ಇತ್ತು. ಗುಜರಿಗೆ ಕೊಡುವುದು ಮೊದಲನೆಯದು. ಅದನ್ನು ಬಿಟ್ಟೇಬಿಟ್ಟಿದ್ದರು, ಪೆಟ್ರೋಲ್ ಲೆಕ್ಕದ ನಂತರ. ಎರಡನೆಯದು, ಇದ್ದಲ್ಲೇ ಇಟ್ಟು ಮರೆಯುವುದು. ಊರಿನಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ, ಯಾರ ಕಣ್ಣಿಗೂ ಇದು ತಪ್ಪಾಗಿ ಕಾಣುವುದಿಲ್ಲ. ಆದರೆ ತುಕ್ಕು ಹಿಡಿದ ಬುಡ, ಸೋರುವ ವಾಲ್ವ್. ಕಿಟಕಿಯಿಂದ ಬಿಡುವುದಕ್ಕೂ ಇದಕ್ಕೂ ವ್ಯತ್ಯಾಸ ವೇಗದ್ದು ಮಾತ್ರ. ಮೂರನೆಯದು, ಗ್ಯಾಸನ್ನು ಹೊರತೆಗೆದು ಶುದ್ಧ ಮಾಡುವವರಿಗೆ ಕಳಿಸುವುದು. ನಮ್ಮಲ್ಲಿ ಇದನ್ನು ಯಾರು ಬೇಕಾದರೂ ಮಾಡುವಂತಿಲ್ಲ, 2000ದ ನಿಯಮಗಳ ಪ್ರಕಾರ ನೋಂದಣಿ ಇರಬೇಕು. ದೆಹಲಿಯಲ್ಲಿ ಡಿ.ಆರ್.ಡಿ.ಒ.ದ ಅಗ್ನಿ, ಸ್ಫೋಟಕ ಮತ್ತು ಪರಿಸರ ಸುರಕ್ಷತಾ ಕೇಂದ್ರದಲ್ಲಿ ಹ್ಯಾಲಾನ್ ಬ್ಯಾಂಕಿನ ವ್ಯವಸ್ಥೆ ಇದೆ. ಹಳೆಯದನ್ನು ಕೂಡಿಟ್ಟು, ತೊಳೆದು, ಬೇರೆ ದಾರಿ ಇಲ್ಲದವರಿಗೆ ಕೊಡಬೇಕು ಅನ್ನುವುದು ಬ್ಯಾಂಕಿನ ಆಲೋಚನೆ.

ಮೂರನೆಯದನ್ನೇ ಹಿಡಿದೆವು. ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಒತ್ತಡದ ಸಿಲಿಂಡರ್ ಅಂದ ಕೂಡಲೇ ಸಾಗಣೆಯವರು ಹಿಂದೆ ಸರಿದರು. ಎರಡೇ ಸಿಲಿಂಡರ್‌ಗೆ ಅಷ್ಟು ದೂರದಿಂದ ಯಾರೂ ಬರಲು ಒಪ್ಪಲಿಲ್ಲ. ಕೊನೆಗೆ ನೋಂದಣಿ ಇರುವ ಒಂದು ಸಂಸ್ಥೆಯ ಗಾಡಿ ಬೇರೆ ಊರುಗಳ ಸರಕಿನ ಜೊತೆ ಈ ಕಡೆ ಬಂದಾಗ ಹತ್ತಿಸಿ ಕಳಿಸಿದ್ದಾಯಿತು. ಅಲ್ಲಿಯವರೆಗೆ ಎರಡೂ ಮಂಡಿಯ ನೆರಳಿನ ಮೂಲೆಯಲ್ಲಿ ಹಲಗೆಯ ಮೇಲೆ, ಸರಪಳಿ ಕಟ್ಟಿಸಿಕೊಂಡು ಇದ್ದವು. ವಾರಕ್ಕೊಮ್ಮೆ ತೂಗಿ ಬರೆದಿಡಲು ಗುಮಾಸ್ತರಿಗೆ ಹೇಳಿದ್ದೆ. ಅವರು ಅಡಿಕೆ ಖಾತೆ ಪುಸ್ತಕದಲ್ಲೇ, ಬೆಟ್ಟೆ, ಸರಕು, ಗೊರಬಲು ಅನ್ನುವ ಅಡಿಕೆ ಬಗೆಗಳ ಕೆಳಗೆ ಹೊಸ ಸಾಲು ಎಳೆದು "ಗ್ಯಾಸು" ಅಂತ ಬರೆಯುತ್ತಿದ್ದರು.

ಲ್ಯಾಬಿನಿಂದ ಬಂದ ಉತ್ತರ

ವಿಮಾನಕ್ಕೆ ಹೋಗುವ ಹ್ಯಾಲಾನ್ 1301 ಶೇಕಡ 99.6ರಷ್ಟು ಶುದ್ಧ ಇರಬೇಕು. ನೀರಿನ ಅಂಶ ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ ದಾಟಬಾರದು. ನೀರು ಸೇರಿದರೆ ಆಮ್ಲವಾಗಿ ಬಾಟಲಿಯನ್ನು ಒಳಗಿನಿಂದ ತಿನ್ನುತ್ತದೆ. ನೈಟ್ರೋಜನ್ ತೆಗೆಯುವುದು, ತೇವ ಹೀರಿಸುವುದು, ಎಣ್ಣೆ, ಆಮ್ಲ ಸೋಸುವುದು ಇವೆಲ್ಲ ಮಾಮೂಲಿ ಕೆಲಸ. ಅದಾದ ಮೇಲೆ ಯಂತ್ರಕ್ಕೆ ಕೊಟ್ಟು ಏನೇನಿದೆ ಅಂತ ಬಿಡಿಸಿ ನೋಡುತ್ತಾರೆ.

ಮೊದಲ ಸಿಲಿಂಡರ್ ಪಾಸಾಯಿತು. ಶುದ್ಧ ಮಾಡಿದ ಮೇಲೆ ವಿಮಾನದ ದರ್ಜೆಗೆ ಬಂತು.

ಎರಡನೆಯದರಲ್ಲಿ ಹ್ಯಾಲಾನ್ 1211 ಬೆರೆತಿತ್ತು. ಹಿಂದೆ ಯಾರೋ ಸೋರಿದ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುಂಬಿದ್ದರು. ಎರಡೂ ಹ್ಯಾಲಾನೇ ಅಲ್ವಾ ಅಂತ ಅವರಿಗೆ ಅನಿಸಿರಬೇಕು. 1211 ಕುದಿಯುವುದು ಮೈನಸ್ 4 ಡಿಗ್ರಿಗೆ. ಮೇಲಿನ ಚಳಿಯಲ್ಲಿ ಅದು ದ್ರವವಾಗಿಯೇ ಬೀಳುತ್ತದೆ, ಕವಚದ ಮೂಲೆಗೆ ತಲುಪಬೇಕಾದ ಶೇಕಡ 6ರ ಲೆಕ್ಕ ಕೆಡುತ್ತದೆ. ಬಾಟಲಿ ತುಂಬಿರುತ್ತದೆ, ತೂಕ ಸರಿ ಇರುತ್ತದೆ, ಮೀಟರ್ ಹಸಿರು ತೋರಿಸುತ್ತದೆ. ಪೈಲಟ್‌ಗೆ ಗೊತ್ತಾಗುವುದು ದೀಪ ಆರದಿದ್ದಾಗ. ಯುರೋಪಿನಲ್ಲಿ 2009ರಲ್ಲಿ ಇಂಥದ್ದೇ ನಡೆಯಿತು. ವಿಮಾನಗಳ ಕೈಸಿಲಿಂಡರ್‌ಗಳಿಗೆ ಕಲಬೆರಕೆ ಹ್ಯಾಲಾನ್ 1211 ಹೋಗಿತ್ತು. ಅಲ್ಲಿನ ವಿಮಾನ ಸುರಕ್ಷತಾ ಸಂಸ್ಥೆ ಅವನ್ನೆಲ್ಲ ಹುಡುಕಿ ತೆಗೆಸಬೇಕಾಯಿತು. ಹೊಸದು ತಯಾರಾಗದ, ಹಳೆಯದೇ ಸುತ್ತು ಹೊಡೆಯುವ ಮಾರುಕಟ್ಟೆಯಲ್ಲಿ ಈ ಅಪಾಯ ಯಾವತ್ತೂ ಇದ್ದದ್ದೇ.

ಬೆರೆತದ್ದನ್ನು ಬೇರ್ಪಡಿಸಲು ಬಟ್ಟಿ ಇಳಿಸಬೇಕು. ಇಪ್ಪತ್ತನಾಲ್ಕು ಕೆ.ಜಿ.ಗಾಗಿ ಅದು ಪೂರೈಸುವುದಿಲ್ಲ ಅಂದರು. ಉಳಿದ ದಾರಿ ನಾಶ. ಪ್ಲಾಸ್ಮಾ ಅಥವಾ ರೋಟರಿ ಗೂಡಿನ ಭಾರೀ ಶಾಖದಲ್ಲಿ ಒಡೆದು, ಬರುವ ಆಮ್ಲವನ್ನು ಹಿಡಿಯುವುದು. ಅದಕ್ಕೆ ಕೊಡುವವರೇ ದುಡ್ಡು ಕಟ್ಟಬೇಕು.

ಇಲ್ಲಿ ಯಜಮಾನರಿಗೆ ಸಿಟ್ಟು ಬಂತು, ನನಗೂ ಅವರ ಸಿಟ್ಟು ಸರಿ ಅನಿಸಿತು. ಮೊದಲ ಸಿಲಿಂಡರಿಗೆ ಬಂದ ದುಡ್ಡು ಗುಜರಿ ರೇಟಿಗಿಂತ ಎಷ್ಟೋ ಜಾಸ್ತಿ. ಆದರೆ ಎರಡನೆಯದರ ನಾಶದ ಖರ್ಚು, ಸಾಗಣೆ, ಎಲ್ಲ ಕಳೆದರೆ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. "ಕಿಟಕಿಯಿಂದ ಬಿಟ್ಟಿದ್ರೆ ಒಂದು ರೂಪಾಯಿ ಖರ್ಚಿರಲಿಲ್ಲ. ಸರಿಯಾಗಿ ಮಾಡೋಕೆ ಹೋಗಿದ್ದಕ್ಕೆ ನಾನು ದಂಡ ಕಟ್ಟಬೇಕಾ? ತುಂಬಿದವನು ಎಲ್ಲಿದ್ದಾನೆ?" ಅಂದರು.

ನನ್ನ ಅಭಿಪ್ರಾಯ ಇಷ್ಟು. ಮಾಂಟ್ರಿಯಲ್ ಒಪ್ಪಂದವನ್ನು ಹೊಗಳಿದಷ್ಟೂ ಕಡಿಮೆ. ಕಾರ್ಖಾನೆಯ ನಲ್ಲಿ ಮುಚ್ಚುವ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಆದರೆ ತಯಾರಿಕೆ ನಿಂತ ಕ್ಷಣದಿಂದ ಪ್ರತಿ ಹಳೇ ಸಿಲಿಂಡರೂ ಕಾರ್ಖಾನೆಯಷ್ಟೇ ಮುಖ್ಯವಾಯಿತು, ಅದು ಯಾರ ಲೆಕ್ಕಕ್ಕೂ ಸಿಗಲಿಲ್ಲ. ದೊಡ್ಡ ಊರಿನ ದೊಡ್ಡ ಸಂಸ್ಥೆಗಳಿಗೆ ಬ್ಯಾಂಕು ಗೊತ್ತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳಲ್ಲಿ ಹ್ಯಾಲಾನಿಗೂ ಆಕಾಶಕ್ಕೂ ನಡುವೆ ನಿಂತಿರುವುದು ಗುಜರಿ ಅಂಗಡಿ ಒಂದೇ. ಗುಜರಿಯವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಕಬ್ಬಿಣದ ಬೆಲೆ ಗೊತ್ತಿದೆ, ಗ್ಯಾಸಿನ ಬೆಲೆ ಯಾರೂ ಹೇಳಿಲ್ಲ. ಒಳ್ಳೇ ಗ್ಯಾಸಿನಿಂದ ಬರುವ ಲಾಭದಲ್ಲೇ ಕೆಟ್ಟ ಗ್ಯಾಸಿನ ನಾಶದ ಖರ್ಚು ತೆಗೆದು, ತಂದುಕೊಟ್ಟವರಿಗೆ ಕೆ.ಜಿ. ಲೆಕ್ಕದಲ್ಲಿ ಏನಾದರೂ ಕೊಡುವ ಪದ್ಧತಿ ಇದ್ದರೆ, ಗುಜರಿಯವರೇ ಊರೂರು ಸುತ್ತಿ ಹುಡುಕಿ ತರುತ್ತಾರೆ. ಹಳೇ ಬ್ಯಾಟರಿ ವಿಷಯದಲ್ಲಿ ಅವರು ಮಾಡುತ್ತಿರುವುದು ಇದನ್ನೇ ತಾನೇ.

ಮಾಳಿಗೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಈಗ ಅಲ್ಲಿ ಅಡಿಕೆ ಚೀಲ. ಅದಕ್ಕೆ ಇಂಥ ಗ್ಯಾಸ್ ಬೇಕಾಗಿಲ್ಲ. ನೀರಿನ ಪೈಪು, ಎರಡು ಪುಡಿ ಸಿಲಿಂಡರ್, ಹೊಗೆ ಗುರುತಿಸುವ ಗಂಟೆ ಸಾಕು ಅಂತ ಬರೆದುಕೊಟ್ಟೆ. ಒಬ್ಬ ಮಾರಾಟಗಾರ ರೂಮ್ ಪೂರ್ತಿ ತುಂಬುವ ಎಚ್.ಎಫ್.ಸಿ. ವ್ಯವಸ್ಥೆಯ ಕೊಟೇಶನ್ ತಂದಿದ್ದ. ಇನ್ನೊಂದು ಮೂವತ್ತು ವರ್ಷಕ್ಕೆ ಇದೇ ತಲೆನೋವು ಬೇಡ ಅಂತ ಯಜಮಾನರೇ ವಾಪಸ್ ಕಳಿಸಿದರು.

ಗುಜರಿಯವರ ಫೋನ್ ಮೊನ್ನೆ ಬಂದಿತ್ತು. ಸಾಗರದ ಕಡೆ ಒಂದು ಮುಚ್ಚಿದ ಆಫೀಸಿನಲ್ಲಿ ಬಿ.ಸಿ.ಎಫ್. ಅಂತ ಬರೆದಿರುವ ಕೈಸಿಲಿಂಡರ್‌ಗಳು ಸಿಕ್ಕಿವೆಯಂತೆ, ಕೊಯ್ಯಲಾ ಬಿಡಲಾ ಅಂತ ಕೇಳಿದರು. ಬಿ.ಸಿ.ಎಫ್. ಅಂದರೆ 1211ರದ್ದೇ ಇನ್ನೊಂದು ಹೆಸರು. ಕೊಯ್ಯಬೇಡಿ, ಕುತ್ತಿಗೆಯ ಮೇಲಿನ ಖಾಲಿ ತೂಕದ ಫೋಟೊ ಕಳಿಸಿ ಅಂದೆ. "ಕೆ.ಜಿ.ಗೆ ಎಷ್ಟು ಕೊಡ್ತಾರೆ ಸಾರ್?" ಅಂತ ಕೇಳಿದರು. ವಿಚಾರಿಸಿ ಹೇಳುತ್ತೇನೆ ಅಂದಿದ್ದೇನೆ.